ಎಂಜಿನ್ನಿನ ಮೂಗಿಗೆ ಕೈ ಹಾಕುವ ಮುನ್ನ

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಮನೆಗೆ ಬಂದಾಗ ಕೈಯಲ್ಲೊಂದು ಪೆಟ್ಟಿಗೆ ಹಿಡಿದಿದ್ದ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದದ್ದು. ಒಳಗೆ ಶಂಕುವಿನಾಕಾರದ ಕೆಂಪು ಏರ್ ಫಿಲ್ಟರ್, ಹೊಳೆಯುವ ಅಲ್ಯೂಮಿನಿಯಂ ಪೈಪು, ಎರಡು ಕ್ಲ್ಯಾಂಪು. “ಇದನ್ನ ಹಾಕಿಸಿದ್ರೆ ಹತ್ತು ಹಾರ್ಸ್‌ಪವರ್ ಜಾಸ್ತಿ ಆಗುತ್ತಂತೆ ಮಾಮ. ಕಂಪನಿಯೋರು ಆ ಕರಿ ಡಬ್ಬ ಇಟ್ಟು ಎಂಜಿನ್ನಿನ ಮೂಗು ಮುಚ್ಚಿಬಿಟ್ಟಿದ್ದಾರೆ” ಎಂದ. ಅವನದು 1.2 ಲೀಟರಿನ ಪೆಟ್ರೋಲ್ ಗಾಡಿ, ಎಂಬತ್ತು ಚಿಲ್ಲರೆ ಅಶ್ವಶಕ್ತಿಯದು. ಬೇಡ ಎಂದರೆ ಕೇಳುವ ವಯಸ್ಸಲ್ಲ; ಬೇಡ ಎನ್ನುವುದಕ್ಕೆ ನನ್ನ ಬಳಿಯೂ ಆಗ ಅಳತೆ ಇರಲಿಲ್ಲ. “ಹಾಕಿಸೋಣ ಕಣೋ. ಅದಕ್ಕೆ ಮೊದಲು ಈಗ ಗಾಡಿ ಹೇಗಿದೆ ಅಂತ ಅಳೆದು ಬರೆದಿಟ್ಟುಕೊಳ್ಳೋಣ” ಎಂದೆ. ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ಸೆನ್ಸರುಗಳ ಅಂಕಿ ಓದುವ ಪುಟ್ಟ ಸಾಧನ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಅದೊಂದನ್ನು ತಂದೆವು.

ಹುಡುಗನ ಆಸೆಯ ಬುಡದಲ್ಲಿರುವ ವಿಚಾರ ಸರಿಯಾದದ್ದೇ. ಎಂಜಿನ್ ಪೆಟ್ರೋಲ್ ಕುಡಿಯುತ್ತದೆ ಎಂದು ನಾವು ಲೆಕ್ಕ ಹಾಕುತ್ತೇವೆ. ಅದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಗಾಳಿಯನ್ನು ಸೇವಿಸುತ್ತದೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ತಾರಸಿ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕು ನೆನೆಸಿಕೊಳ್ಳಿ, ಅಂಥವು ಒಂಬತ್ತು. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಈ 1.2 ಲೀಟರಿನ ಎಂಜಿನ್ ಸೆಕೆಂಡಿಗೆ ಐವತ್ತು ಲೀಟರಿನಷ್ಟು, ಅಂದರೆ ಮೂರು ಕೊಡದಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಪೆಟ್ರೋಲನ್ನು ಹೆಚ್ಚು ಕೊಡುವುದು ಕಷ್ಟವಲ್ಲ, ಇಂಜೆಕ್ಟರ್ ಇನ್ನೊಂದು ಗಳಿಗೆ ತೆರೆದಿದ್ದರೆ ಆಯಿತು. ಕಷ್ಟವಿರುವುದು ಅದನ್ನು ಉರಿಸುವಷ್ಟು ಗಾಳಿಯನ್ನು ಆ ಚಿಕ್ಕ ಸಿಲಿಂಡರಿನೊಳಗೆ, ಆ ಚಿಕ್ಕ ಅವಧಿಯಲ್ಲಿ ತುಂಬುವುದರಲ್ಲಿ.

ಗಾಳಿಯೇ ಶಕ್ತಿ ಎನ್ನುವುದಕ್ಕೆ ರ‍್ಯಾಲಿ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ವಿಶ್ವ ರ‍್ಯಾಲಿಯ ಕಾರುಗಳು ಮಿತಿಮೀರಿ ಬಲಶಾಲಿಯಾಗದಂತೆ ತಡೆಯಲು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋದ ಬಾಯಿಗೆ ಒಂದು ಕಿರಿದಾದ ಬಳೆ ಹಾಕಬೇಕೆಂಬ ನಿಯಮವಿತ್ತು. 1995ರಲ್ಲಿ ಅದರ ವ್ಯಾಸ 34 ಮಿಲಿಮೀಟರ್. ಎಂಜಿನ್ ಸೇರುವ ಗಾಳಿಯೆಲ್ಲ ಆ ತೂತಿನಿಂದಲೇ ಹೋಗಬೇಕು. ಟೊಯೊಟಾ ತಂಡ ತನ್ನ ಸೆಲಿಕಾ ಕಾರಿನಲ್ಲಿ ಮಾಡಿದ್ದೇನೆಂದರೆ, ಪೈಪಿನ ಕ್ಲ್ಯಾಂಪು ಬಿಗಿದಾಗ ಬಳೆ ತುಸು ಹಿಂದೆ ಸರಿದು ಪಕ್ಕದಲ್ಲಿ ಸುಮಾರು 5 ಮಿಲಿಮೀಟರ್ ಸಂದು ತೆರೆದುಕೊಳ್ಳುತ್ತಿತ್ತು. ಪರೀಕ್ಷೆಗೆಂದು ಬಿಚ್ಚಿದ ಕೂಡಲೇ ಸಂದು ತಾನಾಗಿ ಮುಚ್ಚಿಕೊಂಡು ಎಲ್ಲ ನಿಯಮದ ಪ್ರಕಾರವೇ ಕಾಣುತ್ತಿತ್ತು. ಸ್ಪೇನಿನ ಕಾತಲೂನ್ಯ ರ‍್ಯಾಲಿಯಲ್ಲಿ ಸಿಕ್ಕಿಬಿದ್ದಾಗ ತಂಡಕ್ಕೆ ಹನ್ನೆರಡು ತಿಂಗಳ ನಿಷೇಧ ಬಿತ್ತು. ಆ ಸಂದಿನಿಂದ ಸಿಕ್ಕಿದ್ದು ಸುಮಾರು ಐವತ್ತು ಅಶ್ವಶಕ್ತಿ ಎಂಬ ಅಂದಾಜು ಆಗ ಕೇಳಿಬಂತು. ಮುನ್ನೂರು ಅಶ್ವಶಕ್ತಿಯ ಎಂಜಿನ್ನು, ಬೇಕೆಂದೇ ಕತ್ತು ಹಿಸುಕಿಟ್ಟಿದ್ದ ಎಂಜಿನ್ನು. ಅಲ್ಲಿ ಬೆರಳೂ ತೂರದ ಸಂದಿಗೂ ಅಷ್ಟು ಬೆಲೆ.

ನಮ್ಮ ಗಾಡಿಯ ಎಂಜಿನ್ನಿನ ಕತ್ತನ್ನು ಯಾರಾದರೂ ಹಾಗೆ ಹಿಸುಕಿಟ್ಟಿದ್ದಾರೆಯೇ? ಇದಕ್ಕೆ ಉತ್ತರ ಕೊಡುವ ಸೆನ್ಸರ್ ಗಾಡಿಯಲ್ಲೇ ಇದೆ. ಫಿಲ್ಟರು, ಪೈಪು, ಥ್ರಾಟಲ್ ಎಲ್ಲ ದಾಟಿದ ಮೇಲೆ, ಎಂಜಿನ್ ಬಾಗಿಲಲ್ಲಿರುವ ಮ್ಯಾನಿಫೋಲ್ಡಿನಲ್ಲಿ ಗಾಳಿಯ ಒತ್ತಡ ಎಷ್ಟಿದೆ ಎಂದು ಅದು ಹೇಳುತ್ತದೆ. ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುತ್ತಿದ್ದಾಗ ಸೆನ್ಸರ್ ತೋರಿಸಿದ್ದು ಮೂವತ್ತರ ಆಸುಪಾಸು. ಅಂದರೆ ಮೂರರಲ್ಲಿ ಎರಡು ಪಾಲು ಒತ್ತಡ ದಾರಿಯಲ್ಲೇ ಕಳೆದುಹೋಗಿದೆ! ಹುಡುಗನ ಮುಖ ಅರಳಿತು. ಆದರೆ ಅದನ್ನು ತಿಂದದ್ದು ಫಿಲ್ಟರಲ್ಲ, ಥ್ರಾಟಲ್. ಆಕ್ಸಿಲರೇಟರ್ ತುಳಿದಾಗ ಪೆಟ್ರೋಲ್ ಗಾಡಿಯಲ್ಲಿ ನಾವು ತೆರೆಯುವುದು ಪೆಟ್ರೋಲಿನ ನಲ್ಲಿಯನ್ನಲ್ಲ, ಗಾಳಿಯ ಬಾಗಿಲನ್ನು. ಕಾಲು ತೆಗೆದರೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಕೊಂಡಿರುತ್ತದೆ. ಊರಿನ ಓಡಾಟದಲ್ಲಿ ಅದು ಪೂರ್ತಿ ತೆರೆಯುವುದೇ ಅಪರೂಪ. ಬಾಗಿಲನ್ನೇ ಅರೆ ತೆರೆದಿಟ್ಟುಕೊಂಡಿರುವಾಗ ಅಂಗಳದ ಗೇಟು ಅಗಲ ಮಾಡಿ ಏನು ಲಾಭ?

ಆಮೇಲೆ ತುಮಕೂರು ರಸ್ತೆಯಲ್ಲಿ ಖಾಲಿ ಜಾಗ ನೋಡಿ ಎರಡನೇ ಗೇರಿನಲ್ಲಿ ಪೂರ್ತಿ ತುಳಿದು, ಎಂಜಿನ್ ಗರಿಷ್ಠ ಸುತ್ತು ತಲುಪುವಾಗಿನ ಅಂಕಿ ನೋಡಿದೆವು. ಎಂಬತ್ತೆಂಟು, ಎಂಬತ್ತೊಂಬತ್ತು. ಹೊರಗೆ 91. ಕಂಪನಿ ಕೊಟ್ಟ, ಗಾಳಿಯೆಳೆಯುವ ಮೂತಿ, ಡಬ್ಬ, ಕಾಗದದ ಫಿಲ್ಟರ್, ಪೈಪು, ಥ್ರಾಟಲ್ ಎಲ್ಲ ಸೇರಿ ತಿನ್ನುತ್ತಿದ್ದದ್ದು ಎರಡು ಮೂರು ಕಿಲೋಪ್ಯಾಸ್ಕಲ್, ಅಂದರೆ ಸುಮಾರು ಶೇ. 3. ಇವೆಲ್ಲವನ್ನೂ ಕಿತ್ತೆಸೆದು ಎಂಜಿನ್ ಬಾಯಿಯನ್ನು ಬಯಲಿಗೆ ತೆರೆದಿಟ್ಟರೂ ಎಂಬತ್ತು ಅಶ್ವಶಕ್ತಿಗೆ ಹೆಚ್ಚೆಂದರೆ ಎರಡೂವರೆಯ ಆಸುಪಾಸು ಸೇರೀತು, ಅದೂ ಕಾಲು ಪೂರ್ತಿ ತುಳಿದ ಆ ಕೆಲವು ಸೆಕೆಂಡು ಮಾತ್ರ. ಹತ್ತು ಅಶ್ವಶಕ್ತಿ ಬರಲು ಆ ದಾರಿಯಲ್ಲಿ ಜಾಗವೇ ಇಲ್ಲ. ಈ ಅಳತೆ ಮಾಡಲು ಯಾವ ಪ್ರಯೋಗಾಲಯವೂ ಬೇಡ.

ಇಲ್ಲೇ ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಹತ್ತರಲ್ಲಿ ಒಂದು ಪಾಲು ತೆಳು. ಶಿರಾಡಿ ಘಾಟಿ ಇಳಿದು ಕರಾವಳಿ ಸೇರಿದರೆ, ಅಲ್ಲಿನ ಸೆಕೆಯ ಲೆಕ್ಕ ಕಳೆದ ಮೇಲೂ, ಯಾವ ಫಿಲ್ಟರೂ ಕೊಡಲಾರದಷ್ಟು ಗಾಳಿ ಎಂಜಿನ್ನಿಗೆ ಪುಕ್ಕಟೆ ಸಿಗುತ್ತದೆ. ಟರ್ಬೋ ಇಲ್ಲದ ಗಾಡಿ ಓಡಿಸುವವರು ಇಳಿದಾಗಿನ ಆ ಹುಮ್ಮಸ್ಸನ್ನು ಗಮನಿಸಿರುತ್ತಾರೆ.

ಇನ್ನು ಫಿಲ್ಟರ್ ಕೂರುವ ಆ ಕರಿ ಡಬ್ಬದ ವಿಚಾರ. ಅದು ಕಾಸು ಉಳಿಸಲು ಮಾಡಿದ ಪ್ಲಾಸ್ಟಿಕ್ ಪೆಟ್ಟಿಗೆ ಎಂದು ಬಹಳ ಜನ ನಂಬಿದ್ದಾರೆ. ಕ್ಲಿಪ್ ಬಿಚ್ಚಿ ಅದರ ಮೂತಿ ಎಲ್ಲಿಗೆ ಹೋಗುತ್ತದೆ ನೋಡಿ. ಮುಂದಿನ ಗ್ರಿಲ್ಲಿನ ಹಿಂದೆ, ಹೆಡ್‌ಲೈಟಿನ ಪಕ್ಕ, ಇಲ್ಲವೇ ಫೆಂಡರಿನ ಒಳಗೆ. ಎಲ್ಲಿ ತಂಪು ಗಾಳಿ ಸಿಗುತ್ತದೋ ಅಲ್ಲಿಂದ ಉಸಿರೆಳೆಯಲಿ ಎಂದು. ಡಬ್ಬ ಪ್ಲಾಸ್ಟಿಕ್ಕಿನದಾಗಿರುವುದೂ ಒಳ್ಳೆಯದಕ್ಕೇ, ಪ್ಲಾಸ್ಟಿಕ್ ಬೇಗ ಕಾಯುವುದಿಲ್ಲ. ಕೆಂಪು ಫಿಲ್ಟರಿನ ಕಿಟ್ ಹಾಕಿಸಿದಾಗ ಈ ಏರ್ಪಾಡೆಲ್ಲ ಹೋಗಿ, ಫಿಲ್ಟರ್ ರೇಡಿಯೇಟರಿನ ಹಿಂದೆ, ಬಿಸಿ ಎಂಜಿನ್ನಿನ ಮಗ್ಗುಲಲ್ಲಿ ಬರಿಮೈಯಲ್ಲಿ ಕೂರುತ್ತದೆ. ಅಲ್ಯೂಮಿನಿಯಂ ಪೈಪು ಸುತ್ತಲಿನ ಕಾವನ್ನು ಒಳಗಿನ ಗಾಳಿಗೆ ದಾಟಿಸುತ್ತದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಶೇ. 3ರಷ್ಟು ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ಅಷ್ಟು ಕಡಿಮೆ ಆಮ್ಲಜನಕ.

ಕಿಟ್ ಹಾಕಿಸಿದ ಮೇಲೆ ಅದೇ ರಸ್ತೆಗೆ, ಅದೇ ಹೊತ್ತಿಗೆ ಹೋದೆವು. ಹೊರಗೆ ಮೂವತ್ತೊಂದು ಮೂವತ್ತೆರಡು ಡಿಗ್ರಿ. ಹಳೆಯ ಡಬ್ಬವಿದ್ದಾಗ ಓಡುವ ಗಾಡಿಯಲ್ಲಿ ಒಳಬರುವ ಗಾಳಿ ಹೊರಗಿನದಕ್ಕಿಂತ ಐದಾರು ಡಿಗ್ರಿ ಮಾತ್ರ ಹೆಚ್ಚಿತ್ತು. ಈಗ ಪೀಣ್ಯದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವಾಗ ಅಂಕಿ ಏರುತ್ತಾ ಹೋಗಿ ಅರವತ್ತು ದಾಟಿತು. ಹೊರಗಿನ ಗಾಳಿಗಿಂತ ಮೂವತ್ತು ಡಿಗ್ರಿ ಹೆಚ್ಚಾದರೆ ಶೇ. 9ರಷ್ಟು ಗಾಳಿ ಖೋತಾ. ಗಳಿಸಲು ಹೊರಟದ್ದಕ್ಕಿಂತ ಹೆಚ್ಚು ಕಳೆದುಕೊಂಡ ಹಾಗೆ. ಹೆದ್ದಾರಿಯಲ್ಲಿ ವೇಗ ಹಿಡಿದ ಮೇಲೆ ತಣ್ಣಗಾಯಿತು, ಆದರೂ ಹಳೆಯ ಅಂಕಿಗೆ ಇಳಿಯಲಿಲ್ಲ. ಬಿಸಿ ಗಾಳಿ ಒಳಬಂದರೆ ಇನ್ನೊಂದು ಹಾನಿಯೂ ಇದೆ: ಸಿಲಿಂಡರಿನಲ್ಲಿ ಮಿಶ್ರಣ ತಾನಾಗಿ ಸಿಡಿಯದಂತೆ ಗಾಡಿಯ ಕಂಪ್ಯೂಟರ್ ಕಿಡಿ ಹಾರಿಸುವುದನ್ನು ತುಸು ತಡಮಾಡುತ್ತದೆ, ಪಿಕಪ್ ಇನ್ನಷ್ಟು ಕುಗ್ಗುತ್ತದೆ.

ಆದರೆ ಹುಡುಗನ ಮನಸ್ಸಿಗೆ ಗಾಡಿ ಜೋರಾಗಿಯೇ ಓಡುತ್ತಿತ್ತು. “ನಿಮಗೆ ಗೊತ್ತಾಗ್ತಿಲ್ವಾ ಮಾಮ, ಎಳೆಯೋದು?” ಎಂದು ಕೇಳುತ್ತಲೇ ಇದ್ದ. ಮೂರನೇ ಗೇರಿನಲ್ಲಿ ನಲವತ್ತರಿಂದ ಎಂಬತ್ತು ಕಿಲೋಮೀಟರಿಗೆ ಏರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಮೊದಲು ಆರು ಸಲ ಬರೆದಿಟ್ಟಿದ್ದೆವು. ಈಗ ಮತ್ತೆ ಆರು ಸಲ ನೋಡಿದೆವು. ಬೆರಳಿನಿಂದ ಸ್ಟಾಪ್‌ವಾಚ್ ಒತ್ತುವಾಗಿನ ಹೆಚ್ಚುಕಡಿಮೆ ಬಿಟ್ಟರೆ ವ್ಯತ್ಯಾಸವೇ ಇರಲಿಲ್ಲ. ಅವನಿಗೆ ಹಾಗನ್ನಿಸಿದ್ದು ಸುಳ್ಳಲ್ಲ. ಅದು ಕಿವಿಯ ಕೆಲಸ.

ಎಂಜಿನ್ ಗಾಳಿಯನ್ನು ಒಂದೇ ಸಮನೆ ಎಳೆಯುವುದಿಲ್ಲ, ವಾಲ್ವು ತೆರೆದಾಗಲೊಮ್ಮೆ ಗುಟುಕು ಗುಟುಕಾಗಿ ಎಳೆಯುತ್ತದೆ. ವಾಲ್ವು ಮುಚ್ಚಿದಾಗ ಓಡಿಬರುತ್ತಿದ್ದ ಗಾಳಿ ಗೋಡೆಗೆ ಬಡಿದಂತಾಗಿ ಒತ್ತಡದ ಅಲೆ ಹಿಂದಕ್ಕೆ ಸರಿಯುತ್ತದೆ. ಈ ಅಲೆಗಳೇ ಎಂಜಿನ್ನಿನ ಉಸಿರಿನ ಸದ್ದು. ಏರ್ ಡಬ್ಬದ ಮಗ್ಗುಲಲ್ಲಿ ಯಾವ ದಾರಿಗೂ ಸೇರದಂತೆ ಜೋತುಬಿದ್ದ ಇನ್ನೊಂದು ಚಿಕ್ಕ ಡಬ್ಬ ಕಾಣುತ್ತದಲ್ಲ, ಅದು ರೆಸೊನೇಟರ್. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಬೂ ಎಂದು ಒಂದೇ ಸ್ವರ ಹೊರಡುವುದನ್ನು ಮಕ್ಕಳಿದ್ದಾಗ ಎಲ್ಲರೂ ಮಾಡಿ ನೋಡಿದ್ದೇವೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ಅದೇ ತತ್ವವನ್ನು ಇಲ್ಲಿ ತಿರುಗಿಸಿ ಬಳಸಿದ್ದಾರೆ: ಯಾವ ಸ್ವರ ಕ್ಯಾಬಿನ್ನಿನಲ್ಲಿ ಕರ್ಕಶವಾಗಿ ಕೇಳುತ್ತದೋ ಅದನ್ನು ಈ ಡಬ್ಬ ನುಂಗಿಬಿಡುತ್ತದೆ. ಕಿತ್ತರೆ ಆ ಗರ್ಜನೆ ಒಳಗೆ ಬರುತ್ತದೆ. ಸದ್ದು ಹೆಚ್ಚಾದರೆ ವೇಗ ಹೆಚ್ಚಾಯಿತೆಂದು ನಮ್ಮ ಮೈ ನಂಬುತ್ತದೆ. ಆ ಸದ್ದೇ ಬೇಕೆಂದು ಹಾಕಿಸುವವರ ಬಗ್ಗೆ ನನ್ನ ತಕರಾರಿಲ್ಲ, ಅದೊಂದು ಸಂತೋಷ. ಶಕ್ತಿ ಎಂದು ಹೇಳಿ ಸದ್ದನ್ನು ಮಾರುವುದಕ್ಕೆ ನನ್ನ ತಕರಾರು.

ಈ ಅಲೆಗಳನ್ನು ದುಡಿಸಿಕೊಳ್ಳಲೂ ಬರುತ್ತದೆ. ಹಿಂದಕ್ಕೆ ಹೋದ ಅಲೆ ಮರಳಿ ಬರುವ ಹೊತ್ತಿಗೆ ಸರಿಯಾಗಿ ವಾಲ್ವು ತೆರೆದರೆ ಗಾಳಿ ತಾನಾಗಿ ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರಲ್ಲೇ ಇದಕ್ಕಾಗಿ 30 ಅಂಗುಲ ಉದ್ದದ ಕೊಳವೆಗಳನ್ನು ಎಂಜಿನ್ನಿನ ಮೇಲೆ ಅಡ್ಡಡ್ಡ ಹಾಯಿಸಿತ್ತು. ಇಂದಿನ ಗಾಡಿಗಳಲ್ಲಿ ಈ ಲೆಕ್ಕ ಮುಖ್ಯವಾಗಿ ಮ್ಯಾನಿಫೋಲ್ಡಿನೊಳಗೆ ನಡೆಯುತ್ತದೆ, ಆದರೂ ಡಬ್ಬದ ಗಾತ್ರಕ್ಕೂ ಮೂತಿಯ ಉದ್ದಕ್ಕೂ ಅದರಲ್ಲಿ ಪಾಲಿದೆ.

ಇಷ್ಟರವರೆಗಿನದು ಲಾಭವಿಲ್ಲ ಎಂಬ ಮಾತು. ನಷ್ಟದ ಮಾತು ಧೂಳಿನಿಂದ ಶುರುವಾಗುತ್ತದೆ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದೂ ಅದೇ. ಚಿತ್ರದುರ್ಗದಿಂದಾಚೆ ಬೇಸಿಗೆಯಲ್ಲಿ ಲಾರಿಯ ಹಿಂದೆ ಹೋದವರಿಗೆ, ಸಂಡೂರು ಹೊಸಪೇಟೆಯ ಅದಿರಿನ ಹಾದಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿ ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಕೂದಲೆಳೆಗಿಂತ ಎಷ್ಟೋ ಸಣ್ಣದಾದ, ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವಿನ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಆ ಸಂದಿಗೆ ಹೊಂದುವ ಕಣ ಅಲ್ಲಿ ನುಸುಳಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಅದು ಗೊತ್ತಾಗುವುದು ಐವತ್ತು ಸಾವಿರ ಕಿಲೋಮೀಟರ್ ಕಳೆದ ಮೇಲೆ, ಗಾಡಿ ಆಯಿಲ್ ಕುಡಿಯತೊಡಗಿದಾಗ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದಾಗ. ಆಗ ಯಾರಿಗೂ ಫಿಲ್ಟರಿನ ನೆನಪೇ ಇರುವುದಿಲ್ಲ.

ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್ ಬೆಲೆ ಕೆಲವು ನೂರು ರೂಪಾಯಿ. ಪರೀಕ್ಷೆಯಲ್ಲಿ ಅದು ಧೂಳಿನ ಶೇ. 99ಕ್ಕೂ ಹೆಚ್ಚು ಪಾಲನ್ನು ಹಿಡಿಯುತ್ತದೆ. ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರು ಅದಕ್ಕಿಂತ ಸರಾಗವಾಗಿ ಗಾಳಿ ಬಿಡುತ್ತದೆ, ಹಿಡಿಯುವುದು ತುಸು ಕಡಿಮೆ. ನೂರರಲ್ಲಿ ತೊಂಬತ್ತೊಂಬತ್ತಕ್ಕೂ ತೊಂಬತ್ತೇಳಕ್ಕೂ ಎರಡೇ ವ್ಯತ್ಯಾಸ ಎನ್ನಿಸಬಹುದು. ಲೆಕ್ಕವನ್ನು ಎಂಜಿನ್ ಕಡೆಯಿಂದ ಮಾಡಿ: ಒಂದರಲ್ಲಿ ಒಳಗೆ ಹೋಗುವುದು ಒಂದು ಪಾಲು ಧೂಳು, ಇನ್ನೊಂದರಲ್ಲಿ ಮೂರು ಪಾಲು. ಇಂಥ ಫಿಲ್ಟರುಗಳಿಗೆ ಹೆಸರಾದ ಕೆ ಅಂಡ್ ಎನ್ ಕಂಪನಿ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆನ್ ಜಾನ್ಸನ್, ನಾರ್ಮ್ ಮ್ಯಾಕ್‌ಡೊನಾಲ್ಡ್ ಎಂಬಿಬ್ಬರು ಶುರುಮಾಡಿದ್ದು, ಬೆಳೆದದ್ದು ರೇಸಿನ ಲೋಕದಲ್ಲಿ. ರೇಸಿನ ಎಂಜಿನ್ನನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಾರೆ. ನಾವು ಗಾಡಿ ಕೊಳ್ಳುವುದು ಎರಡು ಲಕ್ಷ ಕಿಲೋಮೀಟರ್ ಓಡಲಿ ಎಂದು.

ಬಟ್ಟೆಯ ಫಿಲ್ಟರನ್ನು ತೊಳೆದು ಮತ್ತೆ ಎಣ್ಣೆ ಹಾಕಬೇಕು. ಧಾರಾಳವಾಗಿ ಹಾಕಿದರೆ ಹೆಚ್ಚಾದ ಎಣ್ಣೆ ಗಾಳಿಯೊಡನೆ ಹಾರಿ, ಗಾಳಿಯ ತೂಕ ಅಳೆಯುವ ಸೆನ್ಸರಿನ ಬಿಸಿ ತಂತಿಗೆ ಅಂಟುತ್ತದೆ. ಮೆಕ್ಯಾನಿಕ್‌ಗಳು ಮ್ಯಾಫ್ ಎನ್ನುವುದು ಇದನ್ನೇ. ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ. ತಂತಿಗೆ ಎಣ್ಣೆ ಮೆತ್ತಿದರೆ ಬಂದ ಗಾಳಿ ಕಡಿಮೆ ಎಂದು ಕಂಪ್ಯೂಟರಿಗೆ ತಪ್ಪು ಸುದ್ದಿ ಹೋಗುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ, ಮೀಟರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಸೆನ್ಸರ್ ಕೂರುವ ಪೈಪಿನ ಅಗಲ ಬದಲಾದರೂ ಇದೇ ಗೋಳು, ಏಕೆಂದರೆ ಅದರ ಲೆಕ್ಕವೆಲ್ಲ ಕಂಪನಿಯ ಪೈಪಿನ ಅಳತೆಗೆ ಕಟ್ಟಿದ್ದು.

ನೀರಿನ ವಿಷಯ ಚಿಕ್ಕದು, ಪೆಟ್ಟು ದೊಡ್ಡದು. ತಂಪು ಗಾಳಿ ಸಿಗಲಿ ಎಂದು ಕೆಲವು ಕಿಟ್‌ಗಳು ಫಿಲ್ಟರನ್ನು ಬಂಪರಿನ ಕೆಳಗೆ, ಚಕ್ರದ ಬದಿಗೆ ಇಳಿಸುತ್ತವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಕೆರೆಯಾದದ್ದು ನೆನಪಿರಬೇಕು. ಅಂಥ ನೀರಿನಲ್ಲಿ ಎಂಜಿನ್ ಗಾಳಿಯ ಬದಲು ನೀರೆಳೆದರೆ, ಗಾಳಿಯಂತೆ ನೀರು ಕುಗ್ಗುವುದಿಲ್ಲ. ಮೇಲೇರುವ ಪಿಸ್ಟನ್ ಕಲ್ಲಿಗೆ ಗುದ್ದಿದಂತೆ ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಇಳಿಸಲೇಬೇಕು. ಎಂಜಿನ್ ರಕ್ಷಣೆಗೆಂದು ಪ್ರತ್ಯೇಕ ಪ್ರೀಮಿಯಂ ಕಟ್ಟಿರದಿದ್ದರೆ ಇನ್ಶೂರೆನ್ಸಿನಿಂದ ಆ ಹಣ ಸಾಮಾನ್ಯವಾಗಿ ಬರುವುದಿಲ್ಲ. ಕಾಡುಹೊಳೆ ದಾಟುವ ಜೀಪುಗಳು ಮೂತಿಯನ್ನು ಛಾವಣಿಯ ಮಟ್ಟಕ್ಕೆ ಏರಿಸಿಕೊಂಡಿರುವುದು ಈ ಕಾರಣಕ್ಕೇ.

ಟರ್ಬೋ ಗಾಡಿಯವರು ತಮ್ಮ ಕಥೆ ಬೇರೆ ಎನ್ನುತ್ತಾರೆ. ಅರ್ಧ ನಿಜ. ಇಂದಿನ ಟರ್ಬೋ ಎಂಜಿನ್ನಿನಲ್ಲಿ ಎಷ್ಟು ಒತ್ತಡ ಕಟ್ಟಬೇಕೆಂದು ನಿರ್ಧರಿಸುವುದು ಕಂಪ್ಯೂಟರ್. ಫಿಲ್ಟರ್ ಸರಾಗವಾಗಿ ಗಾಳಿ ಬಿಟ್ಟರೆ ಟರ್ಬೋ ತುಸು ಕಡಿಮೆ ಶ್ರಮದಿಂದ ಅದೇ ಒತ್ತಡಕ್ಕೆ ತಲುಪುತ್ತದೆ, ಅಷ್ಟೇ. ಕಂಪ್ಯೂಟರಿನ ಲೆಕ್ಕವನ್ನೇ ತಿದ್ದಿ, ಸೈಲೆನ್ಸರನ್ನೂ ಅದಕ್ಕೆ ಹೊಂದಿಸಿ, ಅಶ್ವಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ ಮೊದಲೂ ಆಮೇಲೂ ಅಳೆದು ಮಾಡುವ ಕೆಲಸದಲ್ಲಿ ದೊಡ್ಡ ಮೂತಿಗೆ ಅರ್ಥವಿದೆ. ಆಗಲೂ ಬರಿಮೈಯ ಶಂಕುವಲ್ಲ, ಎಂಜಿನ್ನಿನ ಕಾವು ತಾಗದಂತೆ ಮುಚ್ಚಿದ ಡಬ್ಬ, ಗ್ರಿಲ್ಲಿನಿಂದ ನೇರ ಬರುವ ಕೊಳವೆ ಬೇಕು. ರೇಸ್ ಟ್ರ್ಯಾಕಿಗೆ ಅದು ಸರಿ. ರಸ್ತೆಯ ಗಾಡಿಗಾದರೆ ಕಾನೂನನ್ನೂ ನೋಡಬೇಕು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. ನಿಯಮ ಒಪ್ಪದ ಪ್ರತಿ ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ವಿಧಿಸಲು 2019ರ ತಿದ್ದುಪಡಿಯಲ್ಲಿ ಅವಕಾಶವಿದೆ.

ಮೈಲೇಜಿನ ಬಗ್ಗೆಯೂ ಒಂದು ಹಳೆಯ ನಂಬಿಕೆ ಉಳಿದುಕೊಂಡಿದೆ. ಫಿಲ್ಟರ್ ಕಟ್ಟಿದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ಎಂಬ ಮಾತು ಕಾರ್ಬ್ಯುರೇಟರ್ ಕಾಲಕ್ಕೆ ನಿಜ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫಿಲ್ಟರುಗಳನ್ನು ಬೇಕೆಂದೇ ಕಟ್ಟಿಸಿ ಪರೀಕ್ಷಿಸಿತು. ಹಳೆಯ ಕಾರ್ಬ್ಯುರೇಟರ್ ಕಾರಿನಲ್ಲಿ ಶೇ. 2ರಿಂದ 6ರಷ್ಟು ವ್ಯತ್ಯಾಸ ಕಂಡರೆ, ಇಂಜೆಕ್ಷನ್ ಇರುವ ಹೊಸ ಪೆಟ್ರೋಲ್ ಕಾರುಗಳಲ್ಲಿ ಮೈಲೇಜು ಗಮನಿಸುವಷ್ಟು ಬದಲಾಗಲೇ ಇಲ್ಲ. ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬೀಳುವಂತೆ ಕಂಪ್ಯೂಟರ್ ನೋಡಿಕೊಂಡಿತು. ಕುಗ್ಗಿದ್ದು ಪಿಕಪ್, ಅದು ಮಾತ್ರ ಶೇ. 6ರಿಂದ 11ರಷ್ಟು. ಅಂದರೆ ಕಟ್ಟಿದ ಕಾಗದದ ಫಿಲ್ಟರ್ ತೆಗೆದು ಹೊಸ ಕಾಗದದ ಫಿಲ್ಟರ್ ಹಾಕಿದರೆ ಸಿಗುವ ಚುರುಕು, ಹತ್ತಾರು ಸಾವಿರದ ಕಿಟ್ ಕೊಡಲಾರದಷ್ಟು ದೊಡ್ಡದು.

ಹುಡುಗ ಎರಡು ವಾರ ಆ ಸದ್ದು ಅನುಭವಿಸಿ, ಮೂರನೇ ವಾರ ತಾನೇ ಸ್ಪ್ಯಾನರ್ ಹಿಡಿದು ಕರಿ ಡಬ್ಬವನ್ನು ಮತ್ತೆ ಕೂರಿಸಿದ.

ನಿಮ್ಮಲ್ಲೂ ಗಾಡಿ ಇದ್ದರೆ ಈ ಭಾನುವಾರ ಬಾನೆಟ್ ಎತ್ತಿ ಡಬ್ಬದ ಕ್ಲಿಪ್ಪುಗಳನ್ನು ಬಿಚ್ಚಿ ನೋಡಿ. ಫಿಲ್ಟರ್ ಕಪ್ಪಾಗಿದ್ದರೆ, ಇಲಿ ಕಚ್ಚಿದ ಗುರುತಿದ್ದರೆ ಹೊಸದು ಹಾಕಿ. ಕಂಪ್ರೆಸರ್ ಗಾಳಿ ಬಿಟ್ಟು ಝಾಡಿಸಿ ಅದನ್ನೇ ಮತ್ತೆ ಹಾಕಬೇಡಿ, ಆ ಒತ್ತಡಕ್ಕೆ ಕಾಗದದಲ್ಲಿ ಕಾಣದ ಬಿರುಕು ಬೀಳುತ್ತದೆ. ಹಾಕುವಾಗ ಅಂಚಿನ ರಬ್ಬರು ಸುತ್ತಲೂ ಸರಿಯಾಗಿ ಕೂತಿರಲಿ. ಡಬ್ಬದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಮಡಿಕೆಗಳಲ್ಲಿ ಬಿರುಕಿದೆಯೇ ಎಂದು ಅಗಲಿಸಿ ನೋಡಿ. ಕೊನೆಗೆ ಆ ಪೈಪಿನ ಒಳಬದಿಯಲ್ಲಿ, ಫಿಲ್ಟರ್ ದಾಟಿದ ಕಡೆಯಲ್ಲಿ ಬೆರಳಾಡಿಸಿ. ಬೆರಳಿಗೆ ಕೆಂಧೂಳು ಹತ್ತಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಅಂದೇ ಮೆಕ್ಯಾನಿಕ್ ಬಳಿ ಹೋಗಿ.